ಹಳ್ಳದ ಹೆಸರು

ರಾಜೇಶ್ವರಿ ತುಕ್ಕಾನಟ್ಟಿಯವಳು. ಏಳನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ವರ್ಗದಲ್ಲಿ ಎದ್ದು ನಿಂತು, ಬೋರಿನ ನೀರು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ಯಾಕೆ ಬರುತ್ತದೆ ಎಂದು ಕೇಳಿದ್ದಳು. ಗುರುಗಳು ಕೆಟ್ಟವರೇನಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ. "ಅದು ಪರೀಕ್ಷಾದಾಗ ಬರೂದಿಲ್ಲವಾ, ಕುಂಡರ" ಎಂದರು. ಹುಡುಗರು ನಕ್ಕರು. ಹಾಗೆ ಕೂತವಳು ಗೋಕಾಕದಲ್ಲಿ ಬಿ.ಎಸ್ಸಿ. ಮುಗಿಸುವವರೆಗೂ ಯಾವ ವರ್ಗದಲ್ಲೂ ಮತ್ತೆ ಎದ್ದು ನಿಲ್ಲಲಿಲ್ಲ.

ಬಿ.ಎಡ್. ಮಾಡಿಕೊಂಡು ಮೂಡಲಗಿಯ ಒಂದು ಖಾಸಗಿ ಕನ್ನಡ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸತೊಡಗಿದಳು. ಅಲ್ಲಿ ಪ್ರಯೋಗಾಲಯವೆಂದರೆ ಗಾಜಿನ ಬಾಗಿಲಿನ ಒಂದು ಕಪಾಟು. ಅದರ ಕೀಲಿ ಹೆಡ್‌ಮಾಸ್ತರರ ಬಳಿ. ಸಾಮಾನು ಒಡೆದರೆ ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತದೆಂದು ಅವರು ಕಪಾಟನ್ನು ತೆರೆಯುತ್ತಿದ್ದುದು ಇನ್‌ಸ್ಪೆಕ್ಟರು ಬರುವ ದಿನ ಮಾತ್ರ. ಮಕ್ಕಳು ಗಾಜಿನ ಹೊರಗಿನಿಂದ ಪ್ರನಾಳಗಳನ್ನು ನೋಡಿ, ಅವುಗಳ ಚಿತ್ರ ಬರೆದು, ಕೆಳಗೆ ಹೆಸರು ಬರೆಯುತ್ತಿದ್ದರು. ಮದುವೆಯಾಗಿ ಹುಕ್ಕೇರಿಗೆ ಬಂದ ಮೇಲೂ ಅವಳು ಕೆಲಕಾಲ ಅಲ್ಲಿಗೇ ಬಸ್ಸಿನಲ್ಲಿ ಓಡಾಡಿದಳು. ಗಂಡ ಶ್ರೀಶೈಲನದು ಹುಕ್ಕೇರಿ ಪೇಟೆಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಮಾತು ಕಡಿಮೆ, ಮನುಷ್ಯ ಒಳ್ಳೆಯವನು. ಹೆದ್ದಾರಿಯ ಬಾಜೂ ಹೊಸ ಶಾಲೆ ತೆರೆಯುತ್ತಾರಂತೆ, ಶಿಕ್ಷಕರು ಬೇಕಂತೆ ಎಂಬ ಸುದ್ದಿಯನ್ನು ಮನೆಗೆ ತಂದವನೂ ಅವನೇ.

ಸಂಕೇಶ್ವರಕ್ಕೆ ಹೋಗುವ ದಾರಿಯಲ್ಲಿ, ಮುಂಚೆ ತಂಬಾಕು ಬೆಳೆಯುತ್ತಿದ್ದ ಹೊಲಗಳಲ್ಲಿ ಆ ಶಾಲೆ ಎದ್ದಿತ್ತು. ನವದಿಗಂತ ಇಂಟರ್‌ನ್ಯಾಷನಲ್ ಸ್ಕೂಲ್. ಬಾಗಿಲಲ್ಲೇ ಸಾಲಾಗಿ ಬೇರೆ ಬೇರೆ ದೇಶಗಳ ಬಾವುಟ. ಒಳಗೆ ಗೋಡೆಯಷ್ಟು ದೊಡ್ಡ ಭೂಪಟ. ಅಲ್ಲಿ ಮಕ್ಕಳು ಸಾಲಾಗಿ ಕೂರುತ್ತಿರಲಿಲ್ಲ, ದುಂಡಗೆ ಕೂರುತ್ತಿದ್ದರು. ಸಂದರ್ಶನದ ದಿನ ಪ್ರಿನ್ಸಿಪಾಲರು ಅವಳನ್ನು ಪಾಠದ ಬಗ್ಗೆ ಏನೂ ಕೇಳಲಿಲ್ಲ. ಧಾರವಾಡದವರು, ಹತ್ತಾರು ವರ್ಷ ದುಬೈಯಲ್ಲಿದ್ದು ಬಂದವರು. "ಮಕ್ಕಳು ನಿಮಗ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರ ಏನ್ ಮಾಡ್ತೀರಿ?" ಎಂದರು.

"ಗೊತ್ತಿಲ್ಲ ಅಂತೇನಿ. ಕೂಡಿ ಹುಡುಕೋಣು ಅಂತೇನಿ" ಎಂದಳು ರಾಜೇಶ್ವರಿ.

"ಸೋಮವಾರದಿಂದ ಬರ್ರಿ" ಎಂದರು ಅವರು.

ಆ ಶಾಲೆ ಮಕ್ಕಳಿಗೆ ಕೊಟ್ಟದ್ದು ಬರಿಯ ಟೈಯಲ್ಲ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಘಟಪ್ರಭೆಯ ದಂಡೆಯ ಕಬ್ಬಿನ ಹೊಲದಿಂದ ಬಂದ ಹುಡುಗರು ಪರದೆಯ ಮೇಲೆ ಕೀನ್ಯಾದ ಹುಡುಗರೊಡನೆ ಮಾತಾಡುತ್ತಿದ್ದರು. ನಿಮ್ಮೂರಲ್ಲಿ ಬಾವಿ ಎಷ್ಟು ಆಳ, ನಮ್ಮೂರಲ್ಲಿ ಇಷ್ಟು ಎಂದು ಎರಡೂ ಕಡೆಯವರು ಕೈ ಚಾಚಿ ತೋರಿಸಿಕೊಳ್ಳುತ್ತಿದ್ದರು. ಫ್ರೆಂಚ್ ಇತ್ತು, ಜರ್ಮನ್ ಇತ್ತು. ವಿಶ್ವಸಂಸ್ಥೆಯ ಸಭೆಯನ್ನು ಅನುಕರಿಸಿ ನಡೆಸುವ ಆಟದಲ್ಲಿ ಒಬ್ಬೊಬ್ಬರು ಒಂದೊಂದು ದೇಶವಾಗಿ ವಾದಿಸುತ್ತಿದ್ದರು. ಹುಕ್ಕೇರಿಯ ಕಿರಾಣಿ ಅಂಗಡಿಯವನ ಮಗ ಬ್ರೆಜಿಲ್ ಆಗಿ ನಿಂತು, ನಮ್ಮ ಕಾಡು ಕಡಿಯಬೇಡಿ ಎನ್ನಲು ನೀವು ಯಾರು ಎಂದು ಯುರೋಪನ್ನು ಗದರಿಸಿದ್ದನ್ನು ನೋಡಿ ರಾಜೇಶ್ವರಿಗೆ ಕಣ್ಣು ತುಂಬಿತ್ತು. ಪ್ರಯೋಗಾಲಯಕ್ಕೆ ಬೀಗವೇ ಇರಲಿಲ್ಲ. ಮಕ್ಕಳ ಕೈಯಿಂದ ಗಾಜು ಬಿದ್ದು ಒಡೆದರೆ ಬೇರೆ ಗಾಜು ಬರುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ಹತ್ತನೆಯ ತರಗತಿಯ 'ಸ್ವಂತ ಪ್ರಶ್ನೆ'. ಪ್ರತಿಯೊಂದು ಮಗುವೂ ತನ್ನದೇ ಒಂದು ಪ್ರಶ್ನೆ ಆರಿಸಿಕೊಂಡು, ವರ್ಷವಿಡೀ ಅದರ ಬೆನ್ನು ಹತ್ತಿ, ಕಂಡದ್ದನ್ನು ಎಲ್ಲರೆದುರು ಹೇಳಬೇಕು.

ಅಲ್ಲಿಯ ಮೊದಲ ವರ್ಷಗಳಷ್ಟು ಸುಖವನ್ನು ರಾಜೇಶ್ವರಿ ಬೇರೆಲ್ಲೂ ಕಂಡಿರಲಿಲ್ಲ. ಸಂಜೆ ಶಾಲೆಯ ಬಸ್ಸಿನಲ್ಲಿ ಬರುವಾಗ ತನ್ನಷ್ಟಕ್ಕೆ ತಾನು ನಗುತ್ತಿದ್ದಳು. ಶ್ರೀಶೈಲ ಅಂಗಡಿ ಮುಚ್ಚಿ ಬರುತ್ತಲೇ ಅವನನ್ನು ಕೂಡಿಸಿಕೊಂಡು, ಇವತ್ತು ಯಾವ ಹುಡುಗ ಏನು ಕೇಳಿದ ಎಂದು ವರದಿ ಒಪ್ಪಿಸುತ್ತಿದ್ದಳು. "ನೀ ಕಲಸಾಕ ಹೋಗ್ತೀಯೋ, ಕಲಿಯಾಕ ಹೋಗ್ತೀಯೋ?" ಎಂದು ಅವನು ಚಾಷ್ಟಿ ಮಾಡುತ್ತಿದ್ದ. ಶಿಕ್ಷಕರ ಮಕ್ಕಳಿಗೆ ಅಲ್ಲಿ ಕಲಿಯುವ ಅವಕಾಶವಿತ್ತು. ಮಗಳು ಐಶ್ವರ್ಯಳನ್ನು ಒಂದನೆಯ ತರಗತಿಯಿಂದಲೇ ಅಲ್ಲಿಗೆ ಹಚ್ಚಿದರು.

ಪ್ರಣಿತಾ ಬಂದದ್ದು ಎಂಟನೆಯ ತರಗತಿಗೆ. ಹತ್ತಿರದ ಕಲ್ಲಹಟ್ಟಿಯ ಜೈನ ರೈತ ಆದಿನಾಥನ ಮಗಳು. ಮನೆಯಲ್ಲಿ ತಂದೆಯೊಡನೆ ಕನ್ನಡ, ತಾಯಿ ತಾರಾಬಾಯಿಯೊಡನೆ ಮರಾಠಿ. ಇಂಗ್ಲಿಷ್ ಮಾತ್ರ ಗಂಟಲಲ್ಲೇ ನಿಲ್ಲುತ್ತಿತ್ತು. ದುಂಡಗೆ ಕೂತ ಮಕ್ಕಳ ನಡುವೆ ಅವಳು ಮೊಣಕಾಲು ನೋಡುತ್ತ ಕೂತಿರುತ್ತಿದ್ದಳು. ಒಂದು ದಿನ ರಾಜೇಶ್ವರಿ ಅವಳನ್ನು ಪಕ್ಕಕ್ಕೆ ಕರೆದು ಹೇಳಿದಳು: "ವಿಚಾರ ಕನ್ನಡದಾಗ ಬಂತಂದ್ರ ಕನ್ನಡದಾಗ ಹೇಳವಾ. ಮರಾಠಿದಾಗ ಬಂದ್ರ ಮರಾಠಿದಾಗ. ಆಮ್ಯಾಲ ಇಬ್ರೂ ಕೂಡಿ ಅದಕ್ಕ ಇಂಗ್ಲಿಷ್ ಅಂಗಿ ಹಾಕೋಣು."

ಹುಡುಗಿ ಮೊದಲ ಸಲ ತಲೆ ಎತ್ತಿ, "ಆಗಲ್ರಿ ಅಕ್ಕೋರ" ಎಂದಳು. ಆ ಶಾಲೆಯಲ್ಲಿ ಎಲ್ಲರೂ ಮೇಡಂ ಎನ್ನುತ್ತಿದ್ದರು. ಅಕ್ಕೋರು ಎಂಬ ಹಳ್ಳಿಯ ಶಾಲೆಯ ಮಾತು ಅವಳ ಬಾಯಿಂದ ತಪ್ಪಿ ಬಂದಿತ್ತು. ರಾಜೇಶ್ವರಿ ತಿದ್ದಲಿಲ್ಲ.

ಆಮೇಲೆ ಪ್ರಣಿತಾ ನಿಲ್ಲಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ಅವಳ ಪ್ರಶ್ನೆಗಳಿಗೆ ಹೆದರಿ ಇತಿಹಾಸದ ಶಿಕ್ಷಕರು ಹಿಂದಿನ ದಿನವೇ ಓದಿಕೊಂಡು ಬರುತ್ತಿದ್ದರು. ಅಣಕು ಸಭೆಯಲ್ಲಿ ಅವಳು ನಾರ್ವೆ ಆದಳು. ಬೆಳಗಾವಿಯಲ್ಲಿ ನಡೆದ ಸ್ಪರ್ಧೆಯಲ್ಲಿ ಕೊಂಕಣದವರ, ಪುಣೆಯವರ ಮುಂದೆ ನಿಂತು ಮಾತಾಡಿ ಬಂದಳು. ಮಗಳ ಮಾತು ಅರ್ಥವಾಗದಿದ್ದರೂ ಆದಿನಾಥ ಹಿಂದಿನ ಸಾಲಿನಲ್ಲಿ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕೂತು ಕೇಳಿದ್ದ.

ಹತ್ತನೆಯ ತರಗತಿಗೆ ಬಂದಾಗ ಅವಳು ತಂದ ಸ್ವಂತ ಪ್ರಶ್ನೆ ಇದು: ನಮ್ಮ ಹಳ್ಳದಲ್ಲಿ ಕಪ್ಪೆ ಯಾಕೆ ಕೂಗುತ್ತಿಲ್ಲ?

ಅದು ಅವಳಿಗೆ ಪುಸ್ತಕದಿಂದ ಬಂದ ಪ್ರಶ್ನೆಯಲ್ಲ. ಅವರ ಮನೆಯಲ್ಲಿ ನೀರನ್ನು ಸೋಸದೆ ಕುಡಿಯುವುದಿಲ್ಲ. ತಾರಾಬಾಯಿ ಕೊಡದ ಬಾಯಿಗೆ ಅರಿವೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ, ಬಾವಿಯ ನೀರು ಸೋಸಿ, ಆ ಅರಿವೆಯನ್ನು ಮತ್ತೆ ಅದೇ ಬಾವಿಯ ನೀರಿನಲ್ಲಿ ಮೆಲ್ಲಗೆ ಜಾಲಿಸುತ್ತಿದ್ದಳು. ಅರಿವೆಗೆ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ತಮ್ಮ ನೀರಿಗೆ ತಾವು ಸೇರಿಕೊಳ್ಳಲಿ ಎಂದು. ಈಗ ಒಂದೆರಡು ವರ್ಷದಿಂದ ಬಾವಿಯ ನೀರು ಕಾಕಂಬಿಯ ಬಣ್ಣಕ್ಕೆ ತಿರುಗಿತ್ತು, ಸೋಸಿದ ಅರಿವೆ ಕಂದಾಗಿ ನಾರುತ್ತಿತ್ತು. ಮನೆಯವರು ಟ್ಯಾಂಕಿನ ನೀರು ತಂದು ಕುಡಿಯತೊಡಗಿದರು. ಆದರೂ ತಾರಾಬಾಯಿ ರೂಢಿ ಬಿಡಲಾರದೆ ಅರಿವೆ ಹಿಡಿದು ಬಾವಿಯ ಬಳಿಗೆ ಹೋಗಿ, ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತಿದ್ದಳು. ಬಾವಿ ಇದ್ದದ್ದು ಕಲ್ಲಹಳ್ಳದ ದಂಡೆಗೆ. ಮಳೆಗಾಲ ಬಂದರೂ ಹಳ್ಳದಲ್ಲಿ ಒಂದು ಕಪ್ಪೆ ಒದರುತ್ತಿರಲಿಲ್ಲ.

ಹಳ್ಳದ ಮೇಲ್ಭಾಗದಲ್ಲಿ ಕಬ್ಬಿನಿಂದ ಸ್ಪಿರಿಟ್ ತೆಗೆಯುವ ಒಂದು ಕಾರ್ಖಾನೆಯಿತ್ತು. ಅದರ ಒಡೆಯ ಖಂಡೆಪ್ಪ. ನವದಿಗಂತ ಶಾಲೆಯ ಅಧ್ಯಕ್ಷನೂ ಅವನೇ. ತಂಬಾಕಿನ ಆ ಹೊಲಗಳೂ ಅವನವೇ ಆಗಿದ್ದವು. ಇದು ರಾಜೇಶ್ವರಿಗೆ ಗೊತ್ತಿತ್ತು. ಆದರೆ ಮಕ್ಕಳು ಏನನ್ನಾದರೂ ಕೇಳಬಹುದು ಎಂದು ಗೋಡೆಯ ಮೇಲೆ ಬರೆಸಿದವನೂ ಖಂಡೆಪ್ಪನೇ ಅಲ್ಲವೆ? ಅವಳು ನಂಬಿದಳು. ನಂಬಬೇಕೆಂದು ಅವಳಿಗೆ ಬಹಳ ಆಸೆಯಿತ್ತು.

ಮಳೆ ನಿಂತ ಮೇಲೆ ರವಿವಾರಗಳಂದು ಇಬ್ಬರೂ ಹಳ್ಳಕ್ಕೆ ಇಳಿದರು. ಕಾರ್ಖಾನೆಗಿಂತ ಮೇಲೆ ಒಂದು ಕಡೆ, ಅದರ ಮೋರಿ ಸೇರುವಲ್ಲಿ ಒಂದು ಕಡೆ, ಆದಿನಾಥನ ಬಾವಿಯ ಹತ್ತಿರ ಇನ್ನೊಂದು ಕಡೆ ನೀರು ತುಂಬಿಕೊಂಡರು. ನೀರಿನಲ್ಲಿ ಉಸಿರು ಇದೆಯೋ ಇಲ್ಲವೋ ನೋಡುವ ಪರೀಕ್ಷೆಯನ್ನು ರಾಜೇಶ್ವರಿ ಕಲಿಸಿಕೊಟ್ಟಳು. ಬಾಟಲಿಗೆ ಎರಡು ರಾಸಾಯನಿಕ ಬಿಟ್ಟು ಅಲುಗಾಡಿಸಿದರೆ ನೀರಿನಲ್ಲಿ ಆಮ್ಲಜನಕ ಇದ್ದಷ್ಟೂ ತಳದಲ್ಲಿ ಕಂದು ಗಸಿ ಕೂರುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಮೇಲಿನ ನೀರು ಕಂದಾಯಿತು. ಮೋರಿಯ ಕೆಳಗಿನ ನೀರು ಬೆಳ್ಳಗೆ ಉಳಿಯಿತು. ಬಾವಿಯ ಹತ್ತಿರದ್ದೂ ಬೆಳ್ಳಗೆ. ಪ್ರಣಿತಾ ಮತ್ತೆ ಮಾಡಿದಳು. ಮತ್ತೊಂದು ವಾರ ಮತ್ತೆ. ತನ್ನ ಕೈಯ ಮೇಲೇ ಸಂಶಯ ಬಂದು ಅತ್ತುಬಿಟ್ಟಳು. ಕೈ ತಪ್ಪಿರಲಿಲ್ಲ.

"ಅಕ್ಕೋರ, ಇದು ಖರೇನ ಸತ್ತೈತೇನ್ರಿ?" ಎಂದಳು.

"ಹೂಂ" ಎಂದಳು ರಾಜೇಶ್ವರಿ.

ಡಿಸೆಂಬರಿನ ಪ್ರದರ್ಶನಕ್ಕೆ ಮುಂಚೆ ಪ್ರಿನ್ಸಿಪಾಲರು ಎಲ್ಲ ಮಕ್ಕಳ ತಯಾರಿ ನೋಡಲು ಬಂದರು. ಪ್ರಣಿತಾಳ ಬಾಟಲಿಗಳ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ರಾಜೇಶ್ವರಿಯನ್ನು ತಮ್ಮ ಕೋಣೆಗೆ ಕರೆದರು. ಅವರು ಸಿಟ್ಟಾಗಲಿಲ್ಲ, ಚಹಾ ತರಿಸಿದರು.

"ಕೆಲಸ ಭಾಳ ಛಲೋ ಆಗ್ಯದ. ಊರಿನ ಹೆಸರು ಮಾತ್ರ ತಗದುಬಿಡ್ರಿ."

"ಯಾಕ್ರಿ ಸರ್?"

"ಮೇಡಂ, ನಮ್ಮ ಮಕ್ಕಳು ಜಗತ್ತಿನ ಪ್ರಶ್ನೆ ಕೇಳಬೇಕು. ಊರಿನ ಪ್ರಶ್ನೆ ಕೇಳಲಿಕ್ಕೆ ಪಂಚಾಯ್ತಿ ಅದ."

"ಸರ್, ಆ ಹುಡುಗಿ ಕುಡೀತಿದ್ದ ನೀರದು. ಅದನ್ನ ಕೇಳಬ್ಯಾಡ ಅಂತ ನಾ ಹ್ಯಾಂಗ ಹೇಳ್ಲಿ?" ಎಂದಳು. ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡಿದರು. ಅವರಿಗೂ ನಾಚಿಕೆಯಾದಂತಿತ್ತು. "ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ. ನಾ ಹೇಳೂದು ಹೇಳೇನಿ" ಎಂದರು.

ಅವಳು ತನ್ನ ಮನಸ್ಸಿಗೆ ಬಂದಂತೆ ಮಾಡಿದಳು. ಪ್ರದರ್ಶನದ ದಿನ ಪ್ರಣಿತಾ ಹಳ್ಳದ ಹೆಸರು ಹೇಳಿದಳು, ಊರಿನ ಹೆಸರು ಹೇಳಿದಳು, ಮೋರಿ ಎಲ್ಲಿಂದ ಬರುತ್ತದೆಂಬುದನ್ನೂ ಹೇಳಿದಳು. ಮೊದಲು ಇಂಗ್ಲಿಷಿನಲ್ಲಿ ಹೇಳಿ, ಹಿಂದೆ ಕೂತ ತಂದೆ-ತಾಯಿಯನ್ನು ಕಂಡು, ಕನ್ನಡದಲ್ಲೂ ಹೇಳಿದಳು. ಮುಂದಿನ ಕುರ್ಚಿಯಲ್ಲಿ ಖಂಡೆಪ್ಪ ಕೂತಿದ್ದ. ಕೊನೆಯವರೆಗೂ ಕೇಳಿದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಅವನೇ. ವೇದಿಕೆಗೆ ಬಂದು ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಶ್ಯಾಣ್ಯಾ ಅದಾಳ. ಭಾಳ ಮುಂದ ಹೋಗ್ತಾಳ" ಎಂದ.

ಆ ದಿನ ಮನೆಗೆ ಹೋಗುವಾಗ ರಾಜೇಶ್ವರಿಗೆ ತಾನು ಗೆದ್ದೆ ಎನ್ನಿಸಿತು. "ನಾ ಹೇಳಿದ್ದಿಲ್ಲೇನು? ಮನಷ್ಯಾ ದೊಡ್ಡಾವ" ಎಂದಳು ಗಂಡನಿಗೆ.

ಸಂಕ್ರಾಂತಿ ಬಂತು. ಕಲ್ಲಹಟ್ಟಿಯ ಸುತ್ತ ಕಬ್ಬಿನ ಕಟಾವು ಜೋರಾಗಿ ನಡೆದಿತ್ತು. ಆದಿನಾಥನ ಎಡಗಡೆಯ ಹೊಲ ಬೋಳಾಯಿತು, ಬಲಗಡೆಯದೂ ಆಯಿತು. ಅವನ ಕಬ್ಬು ಮಾತ್ರ ನಡುವೆ ನಿಂತಿತ್ತು. ಕಬ್ಬು ಕಡಿಯಲು ಖಂಡೆಪ್ಪನ ಕಾರ್ಖಾನೆ ಕಳಿಸುವ ಗ್ಯಾಂಗನ್ನು ನಡೆಸುವ ಮುಕಾದಮ ಮಾಲಿಂಗನನ್ನು ಕೇಳಿದರೆ, "ನಿಮ್ಮ ಪಾಳಿ ಇನ್ನೂ ಬಂದಿಲ್ರಿ ಕಾಕಾ" ಎನ್ನುತ್ತಿದ್ದ. ಕಾರ್ಖಾನೆಗೆ ಹೋಗಿ ಕೇಳಿದರೆ ನಾಳೆ ಎನ್ನುತ್ತಿದ್ದರು. ಬೇರೆ ಕಾರ್ಖಾನೆಗಳ ಗ್ಯಾಂಗುಗಳು ಆ ಊರಿಗೆ ಬರುತ್ತಿರಲಿಲ್ಲ. ಯಾರೂ ಒಂದು ಕಟು ಮಾತು ಆಡಲಿಲ್ಲ, ಯಾರೂ ಆ ಹಳ್ಳದ ಸುದ್ದಿ ಎತ್ತಲಿಲ್ಲ. ಕಬ್ಬಿಗೆ ತುರಾಯಿ ಬಂತು. ಬೆಳ್ಳಗಿನ ಹೂ ಗಾಳಿಗೆ ತೂಗತೊಡಗಿತು. ದೂರದಿಂದ ನೋಡಿದವರಿಗೆ ಚಂದ ಕಾಣುತ್ತಿತ್ತು. ಒಕ್ಕಲಿಗನಿಗೆ ಮಾತ್ರ ಗೊತ್ತು, ತುರಾಯಿ ಬಂದ ಕಬ್ಬು ಒಳಗೊಳಗೇ ಬೆಂಡಾಗುತ್ತ ಹೋಗುತ್ತದೆ.

ಒಂದು ಸಂತೆಯ ದಿನ ಆದಿನಾಥ ಹುಕ್ಕೇರಿಯ ಅವರ ಮನೆಗೆ ಬಂದ. ಕೈಯಲ್ಲಿ ಒಂದು ಚೀಲ ಬದನೆಕಾಯಿ. ಒಳಗೆ ಕೂರಲಿಲ್ಲ, ಕಟ್ಟೆಯ ಮೇಲೇ ಕೂತ. ಬೇಸಾಯದ ಮಾತು, ಚಳಿಯ ಮಾತು ಎಲ್ಲ ಮುಗಿದ ಮೇಲೆ ನೆಲ ನೋಡುತ್ತ ಹೇಳಿದ.

"ಅಕ್ಕೋರ, ನಿಮ್ಮದೇನೂ ತಪ್ಪಿಲ್ರಿ. ಆಕೀದೂ ಇಲ್ಲ. ಖರೇದ ಹೇಳೀರಿ."

"ನಾ ಹೋಗಿ ಅಧ್ಯಕ್ಷರ ಕೂಡ ಮಾತಾಡತೇನ್ರಿ" ಎಂದಳು ರಾಜೇಶ್ವರಿ.

"ಬ್ಯಾಡ್ರಿ. ಮಾತಾಡಿದ್ರ ಅವರು ಏನಂತಾರ? ನಾ ಏನ್ ಮಾಡೇನಿ ಅಂತಾರ. ಅವರು ಏನೂ ಮಾಡಿಲ್ಲಲ್ರಿ." ಆದಿನಾಥ ಮೆತ್ತಗೆ ನಕ್ಕ. "ಸಾಲ್ಯಾಗಿಂದ ಒಂದು ಮಾತು ಬಂದೈತಿ. ಆಕೀದು ಆ ಭಾಷಣ ಹೊರದೇಶದ ಸ್ಪರ್ಧಾಕ್ಕ ಕಳಸ್ತಾರಂತ. ಮತ್ತ ವಿಡಿಯೋ ತಗೀತಾರಂತ. ಅದರಾಗ ಹಳ್ಳದ ಹೆಸರು ಬದಲಿ ಮಾಡ್ರಿ ಅಂತಾರ. ಆಕಿ ಒಲ್ಲೆ ಅಂತಾಳ. ನಾ ಹೇಳಿದ್ರ ಕೇಳೂದಿಲ್ಲ. ಅವರವ್ವ ಹೇಳಿದ್ರೂ ಇಲ್ಲ. ನೀವು ಹೇಳಿದ್ರ ಕೇಳ್ತಾಳ್ರಿ."

ಆದಿನಾಥ ಎದ್ದು, ಚಪ್ಪಲಿ ಮೆಟ್ಟಿ, "ಬದನಿಕಾಯಿ ಎಳೇವು ಅದಾವ್ರಿ, ಇವತ್ತ ಮಾಡ್ರಿ" ಎಂದು ಹೇಳಿ ಹೋದ.

ಎರಡು ದಿನ ಅವಳು ಹುಡುಗಿಯ ಮುಖ ನೋಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಪ್ರಯೋಗಾಲಯಕ್ಕೆ ಕರೆದಳು. ಪ್ರಣಿತಾ ಬಂದು ಎತ್ತರದ ಸ್ಟೂಲಿನ ಮೇಲೆ ಕೂತಳು. ಯಾಕೆ ಕರೆದಿದ್ದಾರೆಂಬುದು ಅವಳಿಗೆ ಆಗಲೇ ಗೊತ್ತಿತ್ತು. ಆದರೂ ತನ್ನ ಅಕ್ಕೋರು ಅದನ್ನು ಹೇಳಲಾರರು ಎಂಬ ಒಂದು ಭರವಸೆ ಇನ್ನೂ ಉಳಿದಿತ್ತೆಂದು ಅವಳ ಕಣ್ಣುಗಳು ಹೇಳುತ್ತಿದ್ದವು.

"ಹೆಸರು ಬದಲಿ ಮಾಡವಾ" ಎಂದಳು ರಾಜೇಶ್ವರಿ.

ಹುಡುಗಿ ತನ್ನ ಬಾಟಲಿಗಳ ಕಡೆ ತಿರುಗಿದಳು. ಆಮೇಲೆ, "ಲೆಕ್ಕಾನೂ ಬದಲಿ ಮಾಡಬೇಕೇನ್ರಿ?" ಎಂದಳು.

"ಬ್ಯಾಡ. ಹೆಸರಷ್ಟ."

"ಏನಂತ ಇಡ್ಲಿ?"

"ಯಾವದರ ದೂರದ ದೇಶದ್ದು. ದಕ್ಷಿಣ ಅಮೇರಿಕಾದ್ದೋ ಎಲ್ಲೀದೋ. ಪುಸ್ತಕದಾಗ ಓದಿ ಮಾಡಿದ್ದು ಅಂತ ಹೇಳು."

"ಅಲ್ಲಿ ನೀರು ನಾ ನೋಡೇ ಇಲ್ಲಲ್ರಿ ಅಕ್ಕೋರ."

"ನಿಮ್ಮಪ್ಪನ ಕಬ್ಬು ನೋಡಿಯಲಾ" ಎಂದಳು ರಾಜೇಶ್ವರಿ. ಹಾಗೆ ಹೇಳಬೇಕೆಂದು ಅವಳು ಬಂದಿರಲಿಲ್ಲ. ಹೊರಗೆ ಚಿಕ್ಕ ಮಕ್ಕಳು ಜರ್ಮನ್ ಹಾಡು ಕಲಿಯುತ್ತಿದ್ದರು.

"ನೀವ ಹೇಳಾಕತ್ತೀರಿ ಅಂದ್ರ ಆತು" ಎಂದು ಪ್ರಣಿತಾ ಸ್ಟೂಲಿನಿಂದ ಇಳಿದಳು.

ವಿಡಿಯೋ ತೆಗೆದ ದಿನ ಅವಳಿಗೆ ಹೊಸ ಕೋಟು ತೊಡಿಸಿದ್ದರು. ಹಿಂದೆ ಆ ದೊಡ್ಡ ಭೂಪಟ. ಒಂದು ತಪ್ಪೂ ಇಲ್ಲದೆ, ತಡವರಿಸದೆ, ನಾರ್ವೆಯಾಗಿ ಮಾತಾಡಿದ ಅದೇ ಗಟ್ಟಿ ದನಿಯಲ್ಲಿ ಅವಳು ತಾನು ಕಾಣದ ಒಂದು ನದಿಯ ಕತೆ ಹೇಳಿದಳು. ಬಾಟಲಿಗಳು ಅವೇ. ಬೆಳ್ಳಗಿನ ಗಸಿಯೂ ಅದೇ. ಕ್ಯಾಮೆರಾದ ಹಿಂದೆ ನಿಂತ ರಾಜೇಶ್ವರಿ, ಒಂದೇ ಒಂದು ಕಡೆ ಹುಡುಗಿ ತಪ್ಪಲಿ, ಒಂದು ಸಲ ಬಾಯಿಜಾರಿ ಕಲ್ಲಹಳ್ಳ ಎಂದುಬಿಡಲಿ ಎಂದು ಕಾದಳು. ಅವಳು ತಪ್ಪಲಿಲ್ಲ. ಚೆನ್ನಾಗಿ ಮಾತಾಡುವುದನ್ನು ಅವಳಿಗೆ ಬಹಳ ಚೆನ್ನಾಗಿ ಕಲಿಸಿದ್ದರು.

ಆ ವಾರವೇ ಗ್ಯಾಂಗು ಆದಿನಾಥನ ಹೊಲಕ್ಕೆ ಇಳಿಯಿತು. ತೂಕ ಕಡಿಮೆ ಬಂತು.

ಬೇಸಿಗೆಯಲ್ಲಿ ಸುದ್ದಿ ಬಂತು. ಅನೇಕ ದೇಶಗಳ ಮಕ್ಕಳು ಭಾಗವಹಿಸಿದ್ದ ಆ ಸ್ಪರ್ಧೆಯಲ್ಲಿ ಪ್ರಣಿತಾಳಿಗೆ ಮೊದಲ ಬಹುಮಾನ. ಶಾಲೆಯಲ್ಲಿ ಪೇಢೆ ಹಂಚಿದರು. ಪ್ರಿನ್ಸಿಪಾಲರು ಸಭೆಯಲ್ಲಿ ರಾಜೇಶ್ವರಿಗೆ ಶಾಲು ಹೊದಿಸಿದರು. ಹುಕ್ಕೇರಿಯ ಬಸ್ ಸ್ಟ್ಯಾಂಡಿನ ಎದುರಿಗೂ, ಸಂಕೇಶ್ವರದ ಹೆದ್ದಾರಿಯ ಮೇಲೂ ಪ್ರಣಿತಾಳ ಮುಖದ ದೊಡ್ಡ ಫಲಕಗಳು ಎದ್ದವು. ಕೋಟು ತೊಟ್ಟು, ಕೈಕಟ್ಟಿ, ನಗುತ್ತ ನಿಂತ ಹುಡುಗಿ. ಕೆಳಗೆ, 'ನಿಮ್ಮ ಮಗುವೂ ಜಗತ್ತನ್ನು ಪ್ರಶ್ನಿಸಲಿ.' ಆ ವರ್ಷ ನಿಪ್ಪಾಣಿಯಿಂದಲೂ ಗೋಕಾಕದಿಂದಲೂ ಪಾಲಕರು ಬಂದರು. ಸೀಟು ಸಾಲಲಿಲ್ಲ. ರಾಜೇಶ್ವರಿ ಶಾಲೆಯ ಬಸ್ಸಿನಲ್ಲಿ ಫಲಕವಿಲ್ಲದ ಬದಿಗೆ ಕೂರತೊಡಗಿದಳು.

ಶಾಲೆ ಪ್ರಣಿತಾಳಿಗೆ ಮುಂದಿನ ಎರಡು ವರ್ಷವನ್ನು ಪುಕ್ಕಟೆ ಕೊಡುತ್ತೇನೆಂದಿತು, ಆಮೇಲೆ ವಿದೇಶದ ಕಾಲೇಜಿಗೆ ಕಳಿಸಲು ನೆರವಾಗುತ್ತೇನೆಂದೂ ಹೇಳಿತು. ಅವಳು ಒಲ್ಲೆ ಎಂದಳು. ಪ್ರಿನ್ಸಿಪಾಲರು ಕರೆಸಿ ಕೇಳಿದರು, ತಾಯಿ ಕೈಮುಗಿದಳು. ಒಲ್ಲೆ ಎಂಬುದೊಂದು ಬಿಟ್ಟರೆ ಬೇರೆ ಮಾತೇ ಇಲ್ಲ. ಕಲ್ಲಹಟ್ಟಿಯಿಂದ ಬಸ್ಸಿನಲ್ಲಿ ಬಂದುಹೋಗಬಹುದಾದ ಒಂದು ಪಿಯು ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಹೆಸರು ಹಚ್ಚಿದಳು.

ರಾಜೇಶ್ವರಿ ಅವಳನ್ನು ಮತ್ತೆ ಕಂಡದ್ದು ಹುಕ್ಕೇರಿಯ ಬಸ್ ಸ್ಟ್ಯಾಂಡಿನಲ್ಲಿ, ದೀಪಾವಳಿಯ ಮುಂಚೆ. ಎರಡು ಜಡೆ, ಸಾದಾ ಚೂಡಿದಾರ. ಎದುರಿನ ಫಲಕದಲ್ಲಿ ಅವಳದೇ ಮುಖ ಬಿಸಿಲಿಗೆ ಬಣ್ಣಗೆಟ್ಟಿತ್ತು. ಫಲಕದ ಹುಡುಗಿ ಇವಳೇ ಎಂದು ಸುತ್ತ ನಿಂತವರಿಗೆ ಗುರುತು ಹತ್ತುತ್ತಿರಲಿಲ್ಲ.

"ಸೈನ್ಸ್ ಯಾಕ ಬಿಟ್ಟೆವಾ?" ಎಂದಳು ರಾಜೇಶ್ವರಿ.

"ಸುಮ್ನ ಬಿಟ್ಟೇನ್ರಿ."

"ಕಾಲೇಜ ಹ್ಯಾಂಗ ಐತಿ?"

"ಛಲೋ ಐತ್ರಿ ಮೇಡಂ. ಅಲ್ಲಿ ಯಾರೂ ಏನೂ ಕೇಳೂದಿಲ್ಲ."

ಮೇಡಂ ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಚುಚ್ಚು ಇರಲಿಲ್ಲ. ಎಲ್ಲರನ್ನೂ ಕರೆಯುವ ಹಾಗೆ ಕರೆದಿದ್ದಳು. ಬಸ್ಸು ಬಂತು. ಅವಳು ಹತ್ತಿ, ಕಿಟಕಿಯ ಬಳಿ ಜಾಗ ಖಾಲಿಯಿದ್ದರೂ ಒಳಗಿನ ಬದಿಗೆ ಕೂತಳು.

ಮರುದಿನ ರಾಜೇಶ್ವರಿ ಕೆಲಸ ಬಿಡುತ್ತೇನೆಂದು ಶ್ರೀಶೈಲನಿಗೆ ಹೇಳಿದಳು. ಅವನು ಅಡ್ಡಿ ಮಾಡಲಿಲ್ಲ. "ಬಿಡು. ಖರೆ, ಎಲ್ಲಿ ಹೋಗ್ತಿ?" ಎಂದು ಮಾತ್ರ ಕೇಳಿದ. ಅವಳಿಗೆ ತಾನು ಹೋಗಬೇಕಾದದ್ದೆಲ್ಲಿ ಎಂದು ಗೊತ್ತಿತ್ತು. ಒಂದು ಶನಿವಾರ ಮೂಡಲಗಿಯ ಬಸ್ಸು ಹತ್ತಿದಳು. ಕಪಾಟಿನ ಕೀಲಿ ಹೆಡ್‌ಮಾಸ್ತರರ ಬಳಿಯೇ ಇರಲಿ, ಗಾಜಿನ ಹೊರಗಿನಿಂದಲೇ ಕಲಿಸುತ್ತೇನೆ ಎಂದುಕೊಂಡಳು. ಅಲ್ಲಿ ಸುಳ್ಳನ್ನಾದರೂ ಯಾರೂ ಚೆನ್ನಾಗಿ ಹೇಳಿಸುವುದಿಲ್ಲ.

ಶಾಲೆಯ ಗೇಟಿಗೆ ಸರಪಳಿ ಬಿಗಿದಿತ್ತು. ಅಂಗಳದಲ್ಲಿ ಯಾರದೋ ಗೋವಿನಜೋಳ ಒಣಗಲು ಹಾಕಿತ್ತು. ಅದನ್ನು ಕಾಯುತ್ತಿದ್ದ ಮುದುಕಿ ಗೌರಕ್ಕ, ಹಿಂದೆ ಶಾಲೆಯ ಕಸ ಗುಡಿಸುತ್ತಿದ್ದವಳು, ಅವಳ ಗುರುತು ಹಿಡಿದಳು.

"ಸಾಲಿ ಮುಚ್ಚಿ ವರ್ಸಾತಲ್ರಿ ಅಕ್ಕೋರ. ಹುಡುಗೂರ ಎಲ್ಲಿ ಅದಾವು? ಎಲ್ಲಾ ಹಳದಿ ಬಸ್ಸು ಹತ್ತಿ ನಿಮ್ಮಂಥಾ ಸಾಲಿಗೆ ಹೊಂಟಾವು. ಹೆಡ್‌ಮಾಸ್ತರರು ಊರಿಗೆ ಹೋದ್ರು." ಆಮೇಲೆ ಅಕ್ಕರೆಯಿಂದ ಕೇಳಿದಳು, "ನಮ್ಮ ಮೊಮ್ಮಗಗೂ ಅಲ್ಲೊಂದು ಜಾಗಾ ಕೊಡಸ್ರಿ, ಪುಣ್ಯಾ ಬರ್ತೈತಿ."

ಆಗಲಿ ಎಂದು ಹೇಳಿ ರಾಜೇಶ್ವರಿ ಅದೇ ಬಸ್ಸಿಗೆ ತಿರುಗಿ ಬಂದಳು. ಸೋಮವಾರ ಶಾಲೆಗೆ ಹೋದಳು.

ಆ ವರ್ಷವೇ ಅವಳನ್ನು 'ಸ್ವಂತ ಪ್ರಶ್ನೆ' ವಿಭಾಗದ ಮುಖ್ಯಸ್ಥೆ ಮಾಡಿದರು. ಬಹುಮಾನ ತಂದ ಶಿಕ್ಷಕಿ ಅಲ್ಲವೆ. ಜೂನಿನಲ್ಲಿ ಹತ್ತನೆಯ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮ ಪ್ರಶ್ನೆ ಹೇಳುತ್ತಾರೆ. ಅವಳು ಆಗಲಿ ಎನ್ನಬೇಕು, ಇಲ್ಲವೇ ಬೇರೆ ಹುಡುಕು ಎನ್ನಬೇಕು. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಅವಳಿಗೆ ಯಾರೂ ಹೇಳಿಲ್ಲ. ಹೇಳುವ ಅಗತ್ಯವೂ ಬೀಳುವುದಿಲ್ಲ. ಘೋಡಗೇರಿಯ ಕಡೆಯ ಒಬ್ಬ ಹುಡುಗ, ಕೆಂಚಪ್ಪ ಎಂಬವನು, ತಮ್ಮೂರಿನಲ್ಲಿ ಮಣ್ಣು ತುಂಬಿಕೊಂಡು ಹೋಗುವ ಲಾರಿಗಳು ಎಲ್ಲಿಗೆ ಹೋಗುತ್ತವೆ ಎಂದು ತಿಳಿಯಬೇಕೆಂದ. ಲಾರಿ ಯಾರವೆಂದು ಅವಳು ಕೇಳಲೇ ಇಲ್ಲ. "ಇದು ಭಾಳ ಸಣ್ಣದಾತಪಾ. ಸ್ವಲ್ಪ ದೊಡ್ಡದು ಯೋಚನೆ ಮಾಡು" ಎಂದಳು. ತನ್ನ ದನಿ ಎಷ್ಟು ಮೆತ್ತಗೆ, ಎಷ್ಟು ಪ್ರೀತಿಯಿಂದ ಬಂತೆಂದು ಅವಳಿಗೇ ಭಯವಾಯಿತು. ಹುಡುಗ ತಲೆಯಾಡಿಸಿ ಹೋಗಿ, ಮರುದಿನ ಸಹಾರಾ ಮರುಭೂಮಿ ಹಿಡಿದುಕೊಂಡು ಬಂದ.

ಈ ವರ್ಷ ಐಶ್ವರ್ಯ ಹತ್ತನೆಯ ತರಗತಿ. ರಾಜೇಶ್ವರಿ ಬೇಸಿಗೆಯಿಡೀ ಮಗಳನ್ನು ಏನೂ ಕೇಳಲಿಲ್ಲ. ತನ್ನ ಮಗಳೇ ಎದುರಿಗೆ ಬಂದು ನಿಂತಾಗ ತಾನು ಏನು ಹೇಳಬೇಕಾಗುತ್ತದೋ ಎಂದು ಒಳಗೊಳಗೇ ಕುದಿಯುತ್ತಿದ್ದಳು. ಒಂದೊಂದು ಸಲ, ಈ ಹುಡುಗಿ ಏನಾದರೂ ಗಟ್ಟಿಯಾದದ್ದನ್ನು, ಊರಿನದನ್ನು, ಯಾರಿಗೂ ಸೇರದ್ದನ್ನು ತರಲಿ, ಈ ಸಲ ತಾನು ಜಗ್ಗುವುದಿಲ್ಲ ಎಂದುಕೊಳ್ಳುತ್ತಿದ್ದಳು. ಆ ಎಣಿಕೆಯ ಬೆನ್ನಿಗೇ ಬೇಡಪ್ಪ, ತರದಿರಲಿ ಎನ್ನಿಸುತ್ತಿತ್ತು.

ಶಾಲೆ ಸುರುವಾಗುವ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಶ್ರೀಶೈಲನೇ ಕೇಳಿದ: "ಏನವಾ, ನಿನ್ನ ಪ್ರಶ್ನೆ ಯಾವುದು?"

"ಐಸ್‌ಲ್ಯಾಂಡಿನ ಹಿಮನದಿ ಪಪ್ಪಾ. ಅವು ಕರಗಾಕತ್ತಾವು. ಅದರ ಬಗ್ಗೆ" ಎಂದಳು ಐಶ್ವರ್ಯ, ರೊಟ್ಟಿ ಮುರಿಯುತ್ತ.

"ನೀ ಹಿಮಾನ ನೋಡಿಲ್ಲಲಾ" ಎಂದು ಅವನು ನಕ್ಕ.

ಎದೆಯ ಮೇಲಿನ ಭಾರ ಇಳಿದದ್ದು ರಾಜೇಶ್ವರಿಗೆ ಸ್ಪಷ್ಟವಾಗಿ ತಿಳಿಯಿತು. ಇಳಿದುದಕ್ಕೆ ಹೇಸಿಗೆಯಾದದ್ದೂ ಅಷ್ಟೇ ಸ್ಪಷ್ಟವಾಗಿ ತಿಳಿಯಿತು. ಅವಳು ಮಗಳ ಮುಖ ನೋಡಿದಳು. ಐಶ್ವರ್ಯ ಪಲ್ಯದ ಬೋಗುಣಿಯನ್ನು ತಾಯಿಯ ಕಡೆ ಸರಿಸಿ, ದೊಡ್ಡವರು ಸಣ್ಣವರಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದಳು.

"ಹೆದರಬ್ಯಾಡ ಮಮ್ಮಿ. ದೂರದ್ದ ಆರಿಸೇನಿ."